ಡಾನ್ಸ್ ಟ್ರ್ಯಾಕ್ ಮಾಡ್ಬೇಕಾ? ಅಳದಂಗಡಿಯಲ್ಲಿ ಕೂತು ಶುರು ಮಾಡುವವರಿಗೆ ಒಂದು ಖರೀದಿ ಕೈಪಿಡಿ

ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲೋ, ಹತ್ತಿರದ ವೇಣೂರು, ನಾರಾವಿ, ಮೂಡುಬಿದಿರೆಯಲ್ಲೋ 'ಡಿಜೆ' ಅಂದ ಕೂಡಲೇ ನೆನಪಾಗುವುದು ಮೆಹಂದಿ ಮನೆಯ ಅಂಗಳ. ಆಳೆತ್ತರಕ್ಕೆ ಪೇರಿಸಿದ ಸ್ಪೀಕರ್, ತಿರುಗುವ ಲೈಟು, ರಾತ್ರಿ ಹತ್ತು ದಾಟಿದರೆ ಪೊಲೀಸ್ ಜೀಪಿನ ಹೆದರಿಕೆ. ಕುಣಿಯುವವರು ನಾವೇ, ಹಾಡು ಮಾತ್ರ ಮುಂಬೈಯದ್ದು, ಚೆನ್ನೈಯದ್ದು, ಪಂಜಾಬಿನದ್ದು. ಆ ಬೀಟನ್ನು ಇಲ್ಲೇ ಕೂತು ಮಾಡಬಹುದಲ್ಲ ಅಂತ ಅನಿಸಿದವರು ಮೊದಲು ಕೇಳುವ ಪ್ರಶ್ನೆ ಒಂದೇ: "ಎಂತ ತಗೊಳ್ಬೇಕು?"

ಯೂಟ್ಯೂಬ್ ನೋಡಿದರೆ ಲಕ್ಷಗಟ್ಟಲೆ ಖರ್ಚಿನ ಸ್ಟುಡಿಯೋ ಕಾಣುತ್ತದೆ. ಅಂಗಡಿಯವರನ್ನು ಕೇಳಿದರೆ ಅವರ ಹತ್ತಿರ ಉಳಿದಿರುವ ಮಾಲು ಕಾಣುತ್ತದೆ. ಎರಡೂ ನಿಮ್ಮ ದಾರಿಯಲ್ಲ. ಈ ಲೇಖನ ಹೇಳುವ ಸೂತ್ರ ಸರಳ. ಸದ್ದನ್ನು ದೊಡ್ಡದು ಮಾಡುವ ಸಾಮಾನಿಗೆ ಕೊನೆಯಲ್ಲಿ ದುಡ್ಡು ಹಾಕಿ, ಸದ್ದನ್ನು ಸರಿಯಾಗಿ ಕೇಳಿಸುವ ಸಾಮಾನಿಗೆ ಮೊದಲು ಹಾಕಿ. ಮನೆಯವರ ಅಡಿಕೆ ದುಡ್ಡು, ನಿಮ್ಮ ಪಾರ್ಟ್‌ಟೈಮ್ ಸಂಬಳ, ಸ್ಕಾಲರ್‌ಶಿಪ್, ಯಾವುದೇ ಇರಲಿ, ಹಾಳಾಗಬಾರದು.

ಡಿಜೆ ಬೇರೆ, ಪ್ರೊಡ್ಯೂಸರ್ ಬೇರೆ

ಡಿಜೆ ಅಂದರೆ ಇರುವ ಹಾಡುಗಳನ್ನು ಆಯ್ದು, ಒಂದರಿಂದ ಇನ್ನೊಂದಕ್ಕೆ ತಾಳ ತಪ್ಪದೆ ದಾಟಿಸುವವರು. ಅವರಿಗೆ ಬೇಕಾದ್ದು ಎರಡು ಚಕ್ರದ ಕಂಟ್ರೋಲರ್. ಪ್ರೊಡ್ಯೂಸರ್ ಅಂದರೆ ಹಾಡನ್ನೇ ಕಟ್ಟುವವರು. ಅವರಿಗೆ ಬೇಕಾದ್ದು ಡಾ (ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್) ಎಂಬ ಸಾಫ್ಟ್‌ವೇರ್. ಒಬ್ಬರೇ ಎರಡೂ ಆಗಬಹುದು. ಆದರೆ ಟ್ರ್ಯಾಕ್ ಮಾಡುವ ಆಸೆಯಿಂದ ಹೋಗಿ ಡಿಜೆ ಕಂಟ್ರೋಲರ್ ತಂದರೆ, ದೋಸೆ ಮಾಡಲು ಹೊರಟು ಇಡ್ಲಿ ಪಾತ್ರೆ ತಂದ ಹಾಗೆ. ಇಲ್ಲಿ ನಾವು ಮಾತಾಡುತ್ತಿರುವುದು ಪ್ರೊಡ್ಯೂಸರ್ ಬಗ್ಗೆ.

ಮೂಲೆಗೆ ಬಿದ್ದ ಯಂತ್ರದಿಂದ ಹುಟ್ಟಿದ ಸಂಗೀತ

ದುಬಾರಿ ಸಾಮಾನು ಇಲ್ಲದೆ ಆಗುವುದಿಲ್ಲ ಅನ್ನುವವರಿಗೆ ಸ್ವಲ್ಪ ಚರಿತ್ರೆ. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಟಿಬಿ-303 ಎಂಬ ಸಣ್ಣ ಯಂತ್ರ ತಂದಿತು. ಗಿಟಾರ್ ಬಾರಿಸುವವರಿಗೆ ಬಾಸ್ ಸಾಥ್ ಕೊಡಲಿ ಎಂಬುದು ಉದ್ದೇಶ. ಸೋತಿತು, 1984ರಲ್ಲಿ ತಯಾರಿಕೆಯೇ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕ ಅದೇ ಯಂತ್ರದ ಗುಂಡಿ ತಿರುಗಿಸಿ ಶಿಕಾಗೋದ ಕಪ್ಪು ಯುವಕರ ತಂಡ ಫ್ಯೂಚರ್ 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಬಿಡುಗಡೆ ಮಾಡಿತು. ಆಸಿಡ್ ಹೌಸ್ ಎಂಬ ಪ್ರಕಾರಕ್ಕೆ ಹೆಸರು ಬಂದದ್ದು ಹಾಗೆ. ಟೆಕ್ನೋದ ಆದ್ಯರೆಂದು ಹೆಸರಾದ ವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಮೂವರೂ ಒಟ್ಟಿಗೆ ಓದಿದ್ದು ಡೆಟ್ರಾಯಿಟ್ ಹೊರಗಿನ ಬೆಲ್‌ವಿಲ್ ಎಂಬ ಪುಟ್ಟ ಊರಿನಲ್ಲಿ.

ನಮ್ಮಲ್ಲೂ ಉಂಟು. ಮುಂಬೈಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲೇ ಟಿಬಿ-303, ಟಿಆರ್-808 ಮತ್ತು ಜುಪಿಟರ್-8 ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂರಿಸಿ ಒಂದು ಆಲ್ಬಂ ಮಾಡಿದರು. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಮರುಬಿಡುಗಡೆ ಆದಾಗ ಜಗತ್ತು ಬೆರಗಾಯಿತು. ಈ ಕಥೆಗಳಲ್ಲಿ ಯಂತ್ರ ಬಹಳ ಸಣ್ಣದು, ಗುಂಡಿ ತಿರುಗಿಸಿದವರ ಕಿವಿ ದೊಡ್ಡದು.

ಮೊದಲನೇದು: ಕಂಪ್ಯೂಟರ್

ನಿಮ್ಮ ಹತ್ತಿರ ಈಗಾಗಲೇ ಇರುವುದೇ ಸಾಕಾಗಬಹುದು. 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಶುರು ಮಾಡಿ. ಹಳೇ ಲ್ಯಾಪ್‌ಟಾಪ್‌ನಲ್ಲಿ ಹಾರ್ಡ್‌ಡಿಸ್ಕ್ ಇದ್ದರೆ, ಹೊಸ ಲ್ಯಾಪ್‌ಟಾಪ್ ಯೋಚನೆ ಬಿಟ್ಟು ಮೊದಲು ಎಸ್‌ಎಸ್‌ಡಿ ಹಾಕಿಸಿ. ಬೆಂಗಳೂರಿಗೆ ಹೋಗುವವರು ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಬಿಸಿನೆಸ್ ಲ್ಯಾಪ್‌ಟಾಪ್ ನೋಡಬಹುದು. ಕೀಬೋರ್ಡ್, ಬ್ಯಾಟರಿ, ಹೆಡ್‌ಫೋನ್ ಜ್ಯಾಕ್ ಮೂರನ್ನೂ ಅಲ್ಲೇ ಪರೀಕ್ಷಿಸಿ. ಇಲ್ಲಿ ಕರೆಂಟ್ ಹೋಗುವ ಲೆಕ್ಕ ಎಲ್ಲರಿಗೂ ಗೊತ್ತು, ಹಾಗಾಗಿ ಡೆಸ್ಕ್‌ಟಾಪ್‌ಗಿಂತ ಬ್ಯಾಟರಿ ಇರುವ ಲ್ಯಾಪ್‌ಟಾಪ್ ವಾಸಿ.

ಎರಡನೇದು: ಹೆಡ್‌ಫೋನ್

ಮೊದಲ ನಿಜವಾದ ಖರ್ಚು ಇಲ್ಲಿ. ವಯರ್ ಇರುವ, ಕಿವಿ ಪೂರ್ತಿ ಮುಚ್ಚುವ ಸ್ಟುಡಿಯೋ ಹೆಡ್‌ಫೋನ್ ತಗೊಳ್ಳಿ. ಐದು ಸಾವಿರದ ಆಸುಪಾಸಿನಲ್ಲಿ ಆಡಿಯೋ-ಟೆಕ್ನಿಕಾ ತರದ ಕಂಪನಿಗಳ ಆರಂಭಿಕ ಮಾಡೆಲ್ ಸಿಗುತ್ತದೆ. 'ಎಕ್ಸ್‌ಟ್ರಾ ಬಾಸ್' ಅಂತ ಬರೆದದ್ದು ಬೇಡ. ಅದು ಇಲ್ಲದ ಬಾಸನ್ನು ಕೇಳಿಸುತ್ತದೆ, ನೀವು ಮಾಡಿದ ಟ್ರ್ಯಾಕ್ ಬೇರೆ ಸ್ಪೀಕರಿನಲ್ಲಿ ಸಪ್ಪೆ ಆಗುತ್ತದೆ. ಬ್ಲೂಟೂತ್ ಬೇಡವೇ ಬೇಡ. ಕೀ ಒತ್ತಿದ ಮೇಲೆ ಸದ್ದು ಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚೇ ತಡವಾದರೆ ತಾಳ ಹಿಡಿಯುವುದು ಹೇಗೆ?

ವಾಲ್ಯೂಮ್ ಬಗ್ಗೆ ಒಂದು ಮಾತು. ಅಮೆರಿಕದ ನಯಾಶ್ ಸಂಸ್ಥೆಯ ಮಾನದಂಡದಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಸಮಯ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಹಾಳಾದ ಕಿವಿಗೆ ಸ್ಪೇರ್ ಪಾರ್ಟ್ ಇಲ್ಲ.

ಮೂರನೇದು: ಸಾಫ್ಟ್‌ವೇರ್

ಎಲ್ಲ ಡಾಗಳೂ ಮಾಡುವ ಕೆಲಸ ಒಂದೇ. ನಿಮ್ಮ ಪರಿಸ್ಥಿತಿಗೆ ಯಾವುದು ಸರಿ ಅಂತ ನೋಡಿ.

ಬರೀ ಫೋನ್ ಇದ್ದರೆ: ಬ್ಯಾಂಡ್‌ಲ್ಯಾಬ್. ಆಂಡ್ರಾಯ್ಡ್, ಐಫೋನ್ ಎರಡರಲ್ಲೂ ಉಚಿತವಾಗಿ ಶುರು ಮಾಡಬಹುದು. ಐಫೋನ್ ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಕೂಡ ಉಚಿತ. ಸುತ್ತಲಿನ ಸದ್ದು ಹಿಡಿದು ಬೀಟ್ ಮಾಡುವವರಿಗೆ ಕೋಆಲಾ ಸ್ಯಾಂಪ್ಲರ್ ಕಡಿಮೆ ಬೆಲೆಯ ಒಳ್ಳೇ ಆಪ್.

ದುಡ್ಡೇ ಇಲ್ಲ, ಲ್ಯಾಪ್‌ಟಾಪ್ ಉಂಟು: ಎಲ್‌ಎಂಎಂಎಸ್. ಮುಕ್ತ ತಂತ್ರಾಂಶ, ಲಿನಕ್ಸ್‌ನಲ್ಲೂ ಓಡುತ್ತದೆ. ಬೀಟ್ ಮತ್ತು ಸಿಂತ್ ಕಲಿಯಲು ಸಾಕು. ಮೈಕಿನಿಂದ ರೆಕಾರ್ಡ್ ಮಾಡಲು ಆಡಾಸಿಟಿ ಜೊತೆಗಿಡಿ. ಟ್ರ್ಯಾಕ್ಷನ್ ಕಂಪನಿಯ ವೇವ್‌ಫಾರ್ಮ್ ಫ್ರೀ ಕೂಡ ಗಟ್ಟಿ ಆಯ್ಕೆ.

ಸ್ವಲ್ಪ ದುಡ್ಡು ಉಂಟು: ರೀಪರ್. 60 ದಿನ ಪೂರ್ತಿ ಬಳಸಿ ನೋಡಬಹುದು, ವೈಯಕ್ತಿಕ ಲೈಸೆನ್ಸ್ 60 ಡಾಲರ್. ತೀರಾ ಹಗುರ, ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ. ಆದರೆ ಒಳಗೆ ರೆಡಿಮೇಡ್ ಸದ್ದುಗಳು ಹೆಚ್ಚು ಇಲ್ಲ, ನೀವೇ ಸೇರಿಸಬೇಕು.

ಡಾನ್ಸ್ ಬೀಟೇ ಗುರಿ: ಎಫ್‌ಎಲ್ ಸ್ಟುಡಿಯೋ. ಬೆಲ್ಜಿಯಂನ ಇಮೇಜ್-ಲೈನ್ 1997ರಲ್ಲಿ 'ಫ್ರೂಟಿಲೂಪ್ಸ್' ಹೆಸರಲ್ಲಿ ತಂದದ್ದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ, ಅದು ದೊಡ್ಡ ಲಾಭ. ಟ್ರಯಲ್‌ನಲ್ಲಿ ಟ್ರ್ಯಾಕನ್ನು ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಸೇವ್ ಮಾಡಿದ ಪ್ರಾಜೆಕ್ಟ್ ಮತ್ತೆ ತೆರೆಯಬೇಕಾದರೆ ಕೊಳ್ಳಬೇಕು. ಅಗ್ಗದ ಫ್ರೂಟಿ ಆವೃತ್ತಿಯಲ್ಲಿ ದನಿ ರೆಕಾರ್ಡ್ ಮಾಡುವ ಸೌಲಭ್ಯ ಇಲ್ಲ, ಅದಕ್ಕೆ ಪ್ರೊಡ್ಯೂಸರ್ ಆವೃತ್ತಿ ಬೇಕು. ಇದನ್ನು ನೋಡದೆ ಕೊಳ್ಳಬೇಡಿ.

ವೇದಿಕೆ ಮೇಲೆ ಲೈವ್ ಮಾಡುವ ಆಸೆ: ಏಬಲ್ಟನ್ ಲೈವ್. ಪೂರ್ತಿ ಆವೃತ್ತಿ ದುಬಾರಿ. ಆದರೆ ಹಲವು ಕೀಬೋರ್ಡ್, ಇಂಟರ್‌ಫೇಸ್‌ಗಳ ಜೊತೆ ಲೈಟ್ ಆವೃತ್ತಿ ಉಚಿತವಾಗಿ ಬರುತ್ತದೆ. ಡಬ್ಬಿಯೊಳಗಿನ ಕೋಡ್ ಬಿಸಾಡಬೇಡಿ.

ಯಾವ ಡಾ ಆದರೂ ಸರಿ, ವೈಟಲ್‌ನ ಉಚಿತ ಆವೃತ್ತಿ ಮತ್ತು ಸರ್ಜ್ ಎಕ್ಸ್‌ಟಿ ಎಂಬ ಎರಡು ಸಿಂತ್‌ಗಳು ಸಾಕು. ಒಂದು ವರ್ಷ ತೋಡಿದರೂ ಮುಗಿಯುವುದಿಲ್ಲ.

ಕ್ರ್ಯಾಕ್ ಯಾಕೆ ಬೇಡ

"ಎಲ್ಲರೂ ಕ್ರ್ಯಾಕ್ ಹಾಕ್ತಾರೆ ಮಾರಾಯ್ರೆ" ಅನ್ನುವ ಮಾತು ಹೊಸದಲ್ಲ. ನೀತಿಪಾಠ ಬಿಡಿ, ಲೆಕ್ಕ ಮಾತ್ರ ನೋಡಿ. ಕ್ರ್ಯಾಕ್ ಹಾಕುವಾಗ ಆಂಟಿವೈರಸ್ ಆಫ್ ಮಾಡಲು ಹೇಳುತ್ತಾರೆ. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಬ್ಯಾಂಕ್ ಖಾತೆ, ನಿಮ್ಮ ಪರೀಕ್ಷೆಯ ಪ್ರಾಜೆಕ್ಟ್ ಎರಡೂ ಇರುತ್ತವೆ. ಇನ್ನೂ ಒಂದು ವಿಷಯ: ಮುಕ್ತ ತಂತ್ರಾಂಶ ಇರುವಾಗ ಕದ್ದ ಮಾಲಿನ ಮೇಲೆ ಕಲಿತರೆ, ನಾವು ಬೈಯುವ ದೊಡ್ಡ ಕಂಪನಿಗಳಿಗೇ ಅಭ್ಯಾಸ ಆಗಿಬಿಡುತ್ತೇವೆ.

ನಾಲ್ಕನೇದು: ಕೀಬೋರ್ಡ್, ಇಂಟರ್‌ಫೇಸ್ (ಮೂರು ತಿಂಗಳ ಮೇಲೆ)

25 ಕೀಗಳ ಸಣ್ಣ ಮಿಡಿ ಕೀಬೋರ್ಡ್ ಒಂದು ಯುಎಸ್‌ಬಿ ವಯರಿನಲ್ಲಿ ಓಡುತ್ತದೆ. ಅದಕ್ಕೆ ಸ್ವಂತ ಸದ್ದು ಇಲ್ಲ, ಸಾಫ್ಟ್‌ವೇರಿಗೆ ಯಾವ ಕೀ ಒತ್ತಿದಿರಿ ಅಂತ ಹೇಳುತ್ತದೆ ಅಷ್ಟೆ. ಮೊದಲ ಮೂರು ತಿಂಗಳು ಲ್ಯಾಪ್‌ಟಾಪ್ ಕೀಲಿಗಳಲ್ಲೇ ಬಾರಿಸಿ. ಆಮೇಲೂ ಬೇಕು ಅನಿಸಿದರೆ ತಗೊಳ್ಳಿ.

ಆಡಿಯೋ ಇಂಟರ್‌ಫೇಸ್ ಬೇಕಾಗುವುದು ಮೈಕ್ ಅಥವಾ ವಾದ್ಯ ರೆಕಾರ್ಡ್ ಮಾಡುವವರಿಗೆ. ಬರೀ ಸಿಂತ್ ಕೆಲಸಕ್ಕೆ ವಿಂಡೋಸ್‌ನಲ್ಲಿ ಏಸಿಯೋ4ಆಲ್ ಎಂಬ ಉಚಿತ ಡ್ರೈವರ್ ಹಾಕಿ. ಸೆಕೆಂಡಿಗೆ 44,100 ಸ್ಯಾಂಪಲ್, ಬಫರ್ 256 ಅಂತ ಇಟ್ಟರೆ ಬಫರಿನಿಂದ ಆಗುವ ವಿಳಂಬ ಸುಮಾರು 6 ಮಿಲಿಸೆಕೆಂಡ್, ಬೆರಳಿಗೆ ಗೊತ್ತೇ ಆಗುವುದಿಲ್ಲ. ಸದ್ದು ಕಡಿದರೆ 512ಕ್ಕೆ ಏರಿಸಿ. '192 ಕಿಲೋಹರ್ಟ್ಜ್' ಎಂಬ ಜಾಹೀರಾತಿಗೆ ಮರುಳಾಗಬೇಡಿ. ಇಂಜಿನಿಯರಿಂಗ್‌ನಲ್ಲಿ ಓದಿದ ನೈಕ್ವಿಸ್ಟ್ ನಿಯಮ ನೆನಪಿದೆಯಾ? 44.1 ಕಿಲೋಹರ್ಟ್ಜ್‌ನಲ್ಲಿ 22 ಕಿಲೋಹರ್ಟ್ಜ್‌ವರೆಗಿನ ಸದ್ದು ಸಿಗುತ್ತದೆ, ಮನುಷ್ಯರ ಕಿವಿ ನಿಲ್ಲುವುದು 20ರ ಆಸುಪಾಸಿನಲ್ಲೇ.

ಕೊನೇದು: ಸ್ಪೀಕರ್

50 ಹರ್ಟ್ಜ್ ಬಾಸ್‌ನ ತರಂಗಾಂತರ ಸುಮಾರು 7 ಮೀಟರ್. ನಿಮ್ಮ ಕೋಣೆ ಹತ್ತಡಿ, ಅಂದರೆ 3 ಮೀಟರ್. ಆ ತರಂಗ ಗೋಡೆಗೆ ಬಡಿದು ಒಂದು ಮೂಲೆಯಲ್ಲಿ ಗುಂಯ್‌ಗುಡುತ್ತದೆ, ಇನ್ನೊಂದು ಕಡೆ ಮಾಯವಾಗುತ್ತದೆ. ದುಬಾರಿ ಮಾನಿಟರ್ ತಂದರೂ ಸಣ್ಣ ಕೋಣೆ ಸುಳ್ಳು ಹೇಳುತ್ತದೆ. ತರುವ ಮೊದಲು ಹಾಸಿಗೆ, ಬಟ್ಟೆ ಕಪಾಟು, ದಪ್ಪ ಪರದೆ ಕೋಣೆಯಲ್ಲಿರಲಿ.

ನೆರೆಯವರ ಪ್ರಶ್ನೆಯೂ ಉಂಟು. 2000ರ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕಕ್ಕೆ ನಿರ್ಬಂಧ. ಹೆಡ್‌ಫೋನ್ ಇದ್ದರೆ ಈ ಗಲಾಟೆಯೇ ಇಲ್ಲ.

ಮಳೆ, ಸಿಡಿಲು, ಶಿಲೀಂಧ್ರ

ಘಟ್ಟದ ಬುಡದ ಊರಿನಲ್ಲಿ ಇದು ಸಣ್ಣ ವಿಷಯ ಅಲ್ಲ. ಮುಂಗಾರಿಗೆ ಮೊದಲು ಮತ್ತು ತುಲಾ ತಿಂಗಳ ಸಿಡಿಲಿಗೆ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಕೇಬಲ್ ಇಂಟರ್‌ನೆಟ್‌ನ ವಯರನ್ನೂ ತೆಗೆಯಿರಿ. ಹೆಡ್‌ಫೋನ್, ಮೈಕನ್ನು ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಸ್ಪೀಕರಿನಲ್ಲಿ ಹಮ್ ಅನ್ನುವ ಸದ್ದು ಬಂದರೆ ಮೊದಲು ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ.

ಸ್ಯಾಂಪಲ್ ಉಚಿತ, ಆದರೆ ಯಾರದ್ದು?

ಸಾವಿರ ರೂಪಾಯಿಯ ಸ್ಯಾಂಪಲ್ ಪ್ಯಾಕಿಗಿಂತ ಒಳ್ಳೇ ಸದ್ದು ಸುತ್ತಲೇ ಉಂಟು. ಹಂಚಿನ ಮೇಲೆ ಬೀಳುವ ಮಳೆ, ಅಡಿಕೆ ಸುಲಿಯುವ ಯಂತ್ರ, ಒಣಗಿದ ಹಾಳೆಗೆ ತಟ್ಟಿದ ಪೆಟ್ಟು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ವೇವ್ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡಿ, ಜೋರು ಸದ್ದಿಗೆ ನಾಲ್ಕಾರು ಹೆಜ್ಜೆ ದೂರ ನಿಲ್ಲಿ.

ಹುಲಿವೇಷದ ತಾಸೆ, ಯಕ್ಷಗಾನದ ಚೆಂಡೆ, ಬ್ಯಾರಿಗಳ ದಫ್, ಕೋಲದ ತೆಂಬರೆ, ಕೊರಗರ ಡೋಲು: ಇವನ್ನು ಕೇಳಿದ ಪ್ರೊಡ್ಯೂಸರಿಗೆ ಕೈ ತುರಿಸುವುದು ಸಹಜ. ಇಲ್ಲಿ ಒಂದು ನಿಮಿಷ ನಿಲ್ಲಿ. ಕೊರಗರಿಂದ ಡೋಲು ಬಾರಿಸಿಕೊಳ್ಳುವುದು ಅಜಲು ಎಂಬ ಅವಮಾನದ ಚಾಕರಿಯ ಭಾಗವಾಗಿತ್ತು. ಅದನ್ನು ನಿಷೇಧಿಸಲು ಕರ್ನಾಟಕ 2000ದಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಬಿಟ್ಟಿ ಬಾರಿಸಿಕೊಂಡ ಊರಿನವರು ಈಗ ಬಿಟ್ಟಿ ಸ್ಯಾಂಪಲ್ ಮಾಡಿಕೊಂಡರೆ ಬದಲಾದದ್ದು ಬರೀ ಫೈಲ್ ಫಾರ್ಮ್ಯಾಟ್.

ಕಾನೂನೂ ನಿಮ್ಮ ಕಡೆ ಪೂರ್ತಿ ಇಲ್ಲ. ಜನಪದದ ತಾಳಕ್ಕೆ ಕಾಪಿರೈಟ್ ಇಲ್ಲದಿರಬಹುದು, ಆದರೆ 1957ರ ಕಾಪಿರೈಟ್ ಕಾಯ್ದೆಯಲ್ಲಿ ಧ್ವನಿಮುದ್ರಣಕ್ಕೆ 60 ವರ್ಷದ ರಕ್ಷಣೆ ಉಂಟು, ಬಾರಿಸಿದ ಕಲಾವಿದರಿಗೆ 50 ವರ್ಷದ ಪ್ರದರ್ಶಕರ ಹಕ್ಕು ಉಂಟು. ಹಾಗಾಗಿ ಮೊದಲೇ ಕೇಳಿ. ಎಲ್ಲಿ ಬಳಸುತ್ತೀರಿ ಹೇಳಿ, ಬಾರಿಸಿದ್ದಕ್ಕೆ ದುಡ್ಡು ಕೊಡಿ, ಟ್ರ್ಯಾಕಿನಲ್ಲಿ ಹೆಸರು ಹಾಕಿ, ಒಪ್ಪಿಗೆಯನ್ನು ಎರಡು ಸಾಲಿನಲ್ಲಿ ಬರೆಸಿಕೊಳ್ಳಿ. ಅವರು ಬೇಡ ಅಂದರೆ ಬೇಡ. ಕೋಲದ ಸದ್ದನ್ನು ಪಾರ್ಟಿಯಲ್ಲಿ ಹಾಕಬಹುದಾ ಎಂಬುದನ್ನು ನಲಿಕೆ, ಪರವ, ಪಂಬದ ಸಮುದಾಯದ ಕಲಾವಿದರೇ ಹೇಳಲಿ, ನಿಮ್ಮ ಕಮೆಂಟ್ ಬಾಕ್ಸ್ ಅಲ್ಲ.

ಮೊದಲ ತಿಂಗಳು ಹೀಗೆ

ಮೊದಲ ವಾರ ನಿಮಗಿಷ್ಟದ ಒಂದು ಟ್ರ್ಯಾಕನ್ನು ಡಾ ಒಳಗೆ ಹಾಕಿ. ಕಿಕ್ ಎಲ್ಲಿ ಶುರು, ಬಾಸ್ ಎಲ್ಲಿ ಬಂತು, ಎಲ್ಲಿ ಎಲ್ಲವೂ ನಿಂತಿತು ಅಂತ ಗುರುತು ಹಾಕಿ. ಎರಡನೇ ವಾರ 124ರ ಬಿಪಿಎಂ ಇಟ್ಟು ನಾಲ್ಕು ಸದ್ದಿನ ಬೀಟ್ ಮಾಡಿ. ಹೌಸ್ ಸಂಗೀತ ಸಾಮಾನ್ಯವಾಗಿ 120ರಿಂದ 128ರ ಒಳಗೆ ಓಡುತ್ತದೆ. ಮೂರನೇ ವಾರ ಒಂದೇ ಸಿಂತ್‌ನಲ್ಲಿ ಒಂದು ಬಾಸ್, ಒಂದು ರಾಗ. ನಾಲ್ಕನೇ ವಾರ ಎಂಟು ಬಾರ್‌ನ ಲೂಪಿನಿಂದ ಹೊರಗೆ ಬಂದು ಮೂರು ನಿಮಿಷ ಮುಗಿಸಿ. ಚಂದ ಆಗದಿದ್ದರೂ ಮುಗಿಸಿ.

ಆಮೇಲೆ ಅದನ್ನು ಫೋನ್ ಸ್ಪೀಕರಿನಲ್ಲಿ, ಗೆಳೆಯರ ಕಾರಿನಲ್ಲಿ, ಪರಿಚಯದ ರಿಕ್ಷಾದಲ್ಲಿ ಹಾಕಿ ಕೇಳಿ. ಬಾಸ್ ಎಲ್ಲಿ ಕಾಣೆಯಾಯಿತು, ದನಿ ಎಲ್ಲಿ ಚುಚ್ಚಿತು ಅಂತ ಬರೆದಿಡಿ. ಮುಂದಿನ ಸಾಮಾನು ಎಂತ ತಗೊಳ್ಬೇಕು ಅನ್ನುವುದನ್ನು ಆ ಪಟ್ಟಿಯೇ ಹೇಳುತ್ತದೆ.