ಕ್ಯಾಡಿ

ಬಾಬುರಾಯನಕೊಪ್ಪಲಿನಿಂದ ಹೆದ್ದಾರಿ ಹಿಡಿದು ಮೈಸೂರಿಗೆ ಹೋದರೆ, ಚಾಮುಂಡಿ ಬೆಟ್ಟದ ಕಡೆ ರೇಸ್‌ಕೋರ್ಸ್‌ಗೆ ಹೊಂದಿಕೊಂಡ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ಸಿಗುತ್ತದೆ. ಇಂಥ ಹುಲ್ಲು, ಮರಗಳ ಮೈದಾನದಲ್ಲಿ ಆಟಗಾರನ ಜೊತೆ ಕೋಲಿನ ಚೀಲ ಹೊತ್ತು ನಡೆಯುವವರೇ ಕ್ಯಾಡಿ.

ಪದದ ಬೇರು ಫ್ರೆಂಚಿನ ‘ಕ್ಯಾಡೆ’. ಮನೆಯ ಕಿರಿಯ ಮಗ ಎಂದರ್ಥ. ಆಸ್ತಿ ಹಿರಿಯನ ಪಾಲಾಗುತ್ತಿದ್ದುದರಿಂದ ಕಿರಿಯ ಸೈನ್ಯಕ್ಕೆ ಸೇರುತ್ತಿದ್ದ. ನಮ್ಮ ಎನ್‌ಸಿಸಿ ‘ಕೆಡೆಟ್’ ಹುಟ್ಟಿದ್ದು ಹೀಗೆ. ಅದೇ ಪದ ಸ್ಕಾಟ್‌ಲೆಂಡಿನಲ್ಲಿ ‘ಕ್ಯಾಡಿ’ಯಾಯಿತು. 18ನೇ ಶತಮಾನದ ಎಡಿನ್‌ಬರೋದಲ್ಲಿ ಓಲೆ ಮುಟ್ಟಿಸುವ, ಸಾಮಾನು ಹೊರುವ ಆಳುಗಳಿಗೆ ಆ ಹೆಸರಿತ್ತು; ಅಲ್ಲಿಂದ ಮೈದಾನಕ್ಕೆ ಬಂತು. ಸ್ಕಾಟ್‌ಲೆಂಡಿನ ರಾಣಿ ಮೇರಿ ಫ್ರಾನ್ಸಿನಿಂದ ಈ ಪದ ತಂದಳೆಂಬ ಕಥೆ ಕೇಳಲು ಚೆನ್ನ, ಆಧಾರವಿಲ್ಲ. ಚಹಾಪುಡಿಯ ಡಬ್ಬಿಗೆ ಹೇಳುವ ‘ಕ್ಯಾಡಿ’ ಬೇರೆಯೇ; ಅದು ಬಂದದ್ದು ‘ಕಾಟಿ’ ಎಂಬ ಮಲಯ ತೂಕದ ಹೆಸರಿನಿಂದ.

ಕನ್ನಡದಲ್ಲಿ ‘ಚೀಲ ಹೊರುವವ’ ಎಂದರೆ ಅರ್ಧ ಕೆಲಸವಷ್ಟೇ ಹೇಳಿದಂತೆ. ಗಾಳಿ ಎತ್ತ ಬೀಸುತ್ತಿದೆ, ಕುಳಿಯ ಸುತ್ತಲ ಹುಲ್ಲು ಯಾವ ಕಡೆ ಇಳಿಜಾರು, ಯಾವ ಕೋಲು ತೆಗೆಯಬೇಕು ಎಂದು ಹೇಳುವವರೂ ಅವರೇ. ಸ್ಪರ್ಧೆಯಲ್ಲಿ ಆಟಗಾರ ಎದುರಾಳಿಯ ಸಲಹೆ ಕೇಳುವಂತಿಲ್ಲ, ಕ್ಯಾಡಿಯದನ್ನು ಕೇಳಬಹುದು, ನಿಯಮವೇ ಹಾಗಿದೆ. ಆದ್ದರಿಂದ ‘ಕ್ಯಾಡಿ’ ಎಂದೇ ಬರೆಯುವುದು ಸರಿ. ಆಡಲು ಹೋದಾಗ ಮಾತ್ರ ‘ಏ ಕ್ಯಾಡಿ’ ಅನ್ನಬೇಡಿ, ಹೆಸರು ಕೇಳಿ ಕರೆಯಿರಿ.