ಹುಬ್ಬಳ್ಳಿಯ ಸೆಟ್ಲಮೆಂಟು: ಜಾತಿಯನ್ನೇ ಹಿಡಿದ ಪೊಲೀಸರು

ಹುಬ್ಬಳ್ಳಿಯಲ್ಲಿ 'ಸೆಟ್ಲಮೆಂಟ್' ಅಂದರೆ ಇಂದಿಗೂ ಮಂದಿಯ ಬಾಯಲ್ಲಿ ಒಂದು ವಸತಿಯ ಹೆಸರು. ಈ ಇಂಗ್ಲಿಷ್ ಶಬ್ದ ನಮ್ಮೂರಿಗೆ ಬಂದದ್ದು ಮುಳ್ಳುತಂತಿಯ ಬೇಲಿ ಮತ್ತು ಹಾಜರಿ ಪುಸ್ತಕದ ಜೊತೆಗೆ.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. 1911ರಲ್ಲಿ ಅದನ್ನು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿಸಿದರು, 1924ರಲ್ಲಿ ಮತ್ತೆ ಬಿಗಿಗೊಳಿಸಿದರು. ಸರಕಾರ ಗೆಜೆಟ್ಟಿನಲ್ಲಿ ಒಂದು ಜಾತಿಯ ಹೆಸರು ಅಚ್ಚು ಹಾಕಿದರೆ ಮುಗಿಯಿತು, ಅದನ್ನು ಯಾವ ಕೋರ್ಟೂ ಪ್ರಶ್ನಿಸುವಂತಿರಲಿಲ್ಲ. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ಮಕ್ಕಳನ್ನು ತಾಯಿತಂದೆಯಿಂದ ಕಿತ್ತು ಬೇರೆ ಶಾಲೆಗೆ ಹಾಕಲಿಕ್ಕೂ ಕಾಯ್ದೆಯಲ್ಲಿ ಅವಕಾಶವಿತ್ತು. ಮುಂಬಯಿ ಕರ್ನಾಟಕದಲ್ಲಿ ಗಂಟಿಚೋರರು, ಹರಣಶಿಕಾರಿಗಳು, ಕೊರವರು ಹೀಗೆ ಸಿಕ್ಕಿಬಿದ್ದರು. 'ಗಂಟಿಚೋರ' ಎಂಬ ಹೆಸರನ್ನೇ ನೋಡಿ. ಕೂಸು ಹುಟ್ಟುವ ಮೊದಲೇ ಅದರ ಮೇಲೆ ಕಳ್ಳತನದ ಆರೋಪ!

ಅದೇ ಕಾಲಕ್ಕೆ ನ್ಯೂಯಾರ್ಕಿನಲ್ಲಿ ಏನಾಯಿತು? ಹೊಟ್ಟೆಪಾಡಿಗೆ ಇಟಲಿಯಿಂದ ಬಂದ ಬಡವರ ಓಣಿಗಳಲ್ಲಿ 'ಕರಿ ಕೈ' ಎಂಬ ಹೆಸರಿನ ಬೆದರಿಕೆ ಪತ್ರಗಳು ಬರತೊಡಗಿದವು. ರೊಕ್ಕ ಕೊಡು, ಇಲ್ಲಾ ಸಾಯಿ. ಬರೆದವರೂ ಇಟಲಿಯವರೇ, ಬಲಿಯಾದ ಅಂಗಡಿಕಾರರೂ ಇಟಲಿಯವರೇ. ಪೊಲೀಸರಿಗೆ ಅವರ ಭಾಷೆಯೇ ಬರುತ್ತಿರಲಿಲ್ಲ. 1904ರಲ್ಲಿ ಜೋಸೆಫ್ ಪೆಟ್ರೊಸಿನೊ ಎಂಬ ಇಟಲಿ ಮೂಲದ ಅಧಿಕಾರಿಯ ಕೈಗೆ, ಅದೇ ಭಾಷೆ ಬಲ್ಲವರ ಸಣ್ಣ ತುಕಡಿಯೊಂದನ್ನು ಕೊಟ್ಟರು. 1909ರ ಮಾರ್ಚ್ 12ರಂದು ಪಲೆರ್ಮೊದಲ್ಲಿ ಆತನನ್ನು ಗುಂಡಿಟ್ಟು ಕೊಂದರು.

ಅಲ್ಲಿಯೂ ಇಡೀ ಜನಾಂಗಕ್ಕೆ ಮಸಿ ಬಳಿಯುವವರಿದ್ದರು. 1908ರಲ್ಲಿ ಪೊಲೀಸ್ ಕಮಿಷನರ್ ಬಿಂಗ್‌ಹ್ಯಾಮ್, ನಗರದ ಅಪರಾಧಿಗಳಲ್ಲಿ ಅರ್ಧದಷ್ಟು ಜನ ಯಹೂದಿಗಳೆಂದು ಬರೆದ. ಯಹೂದಿಗಳು ಸಿಡಿದೆದ್ದರು, ಆತ ಮಾತು ಹಿಂದೆ ತೆಗೆದುಕೊಳ್ಳಬೇಕಾಯಿತು. ನಮ್ಮಲ್ಲಿ ಮಸಿಯೇ ಕಾಯ್ದೆಯಾಗಿತ್ತು. ಅದರ ವಿರುದ್ಧ ಪತ್ರಿಕೆ ನಡೆಸಲು ಗಂಟಿಚೋರರಿಗೆ ಅಕ್ಷರವನ್ನಾದರೂ ಯಾರು ಕೊಟ್ಟಿದ್ದರು?

ಕಳವು ಮಾಡಿದವರು ಇರಲೇ ಇಲ್ಲವೆಂದು ಯಾರೂ ಹೇಳುತ್ತಿಲ್ಲ. ಆದರೆ ಎತ್ತು ಕತ್ತೆಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಹೋಗುತ್ತಿದ್ದ ಕೊರವರ ಬದುಕನ್ನು ರೈಲು ಕಸಿಯಿತು. ಶಿಕಾರಿಯವರ ಅಡವಿಯನ್ನು ಅರಣ್ಯ ಕಾಯ್ದೆ ಕಸಿಯಿತು. ಅನ್ನ ಕಸಿದವನೇ ಕಳ್ಳನೆಂದು ಹಣೆಪಟ್ಟಿ ಬರೆದ. ಬೇಲಿಯೊಳಗಿನ ಕೈಗಳು ಹುಬ್ಬಳ್ಳಿಯ ಗಿರಣಿಗೆ, ರೈಲ್ವೆ ವರ್ಕಶಾಪಿಗೆ ದುಡಿದವು. ಓಡಿಹೋಗಲಾರದ ಕೂಲಿ ಯಾವ ಮಾಲೀಕನಿಗೆ ಬೇಡ?

ಈ ಸೆಟ್ಲಮೆಂಟುಗಳ ಮೇಲಧಿಕಾರಿ ಸ್ಟಾರ್ಟ್. 1928ರಲ್ಲಿ ಮುಂಬಯಿ ಸರಕಾರ ದಲಿತರ, ಆದಿವಾಸಿಗಳ ಸ್ಥಿತಿ ಅರಿಯಲು ನೇಮಿಸಿದ ಸಮಿತಿಗೂ ಆತನೇ ಅಧ್ಯಕ್ಷ. ಬಾಬಾಸಾಹೇಬ ಅಂಬೇಡ್ಕರರು ಅದರ ಸದಸ್ಯರು. ಹಕ್ಕು ಕೇಳಿದ ಅಸ್ಪೃಶ್ಯರಿಗೆ ಊರವರು ಕೂಲಿ ನಿಲ್ಲಿಸಿ ಬಹಿಷ್ಕಾರ ಹಾಕುವುದನ್ನು 1930ರ ವರದಿ ದಾಖಲಿಸಿತು. ಒಂದು ಕೈಯಲ್ಲಿ ಆ ವರದಿ, ಇನ್ನೊಂದು ಕೈಯಲ್ಲಿ ಸೆಟ್ಲಮೆಂಟಿನ ಬೀಗ. ದೊರೆಗಳ ದಯೆ ಎಂದರೆ ಇದೇ.

1952ರ ಆಗಸ್ಟ್ 31ರಂದು ದೇಶದಲ್ಲಿ ಕಾಯ್ದೆ ರದ್ದಾಯಿತು. ಹೆಸರು 'ವಿಮುಕ್ತ' ಎಂದು ಬದಲಾಯಿತು. ಹಿಂದೆಯೇ 'ರೂಢಿಗತ ಅಪರಾಧಿ' ಕಾಯ್ದೆಗಳು ಬಂದವು. 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ವಿಮುಕ್ತ ಜಾತಿಯವರನ್ನು ಮನಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಹೇಳಬೇಕಾಯಿತು. ಎಪ್ಪತ್ತೆರಡು ವರ್ಷ ಕಳೆದರೂ ಈ ಮಾತು ಹೇಳಬೇಕಾಗಿ ಬಂತಲ್ಲ, ಬೇಲಿ ನಿಜಕ್ಕೂ ಕಿತ್ತುಹೋಗಿದೆಯೇ?

ಹಳ್ಳಿಯ ಶಾಲೆಗಳಲ್ಲಿ ಕೆಲಸ ಮಾಡುವ ಗೆಳೆಯರೇ, ತರಗತಿಯಲ್ಲಿ ಪೆನ್ನು ಕಳೆದಾಗ ಮೊದಲು ಯಾವ ಮಗುವಿನ ಚೀಲ ತಡಕುತ್ತೇವೆ ಎಂದು ಯೋಚಿಸಿ. 1871ರ ಕಾಯ್ದೆ ಪೊಲೀಸ್ ಠಾಣೆಯಲ್ಲಷ್ಟೇ ಉಳಿದುಕೊಂಡಿಲ್ಲ.