ಮಡಿಚುವ ಫೋನು: ಒಂದು ಸಣ್ಣ ಚರಿತ್ರೆ

ಈ ಸಲದ ನವರಾತ್ರಿಗೆ ಗೊಂಬೆಗಳ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದಾಗ, ಪಟ್ಟದ ಗೊಂಬೆಗಳ ಅಡಿಯಲ್ಲಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಒಂದು ಸಣ್ಣ ವಸ್ತು ಸಿಕ್ಕಿತು. ಹೆಬ್ಬೆರಳಿನಿಂದ ಎತ್ತಿದರೆ ನಶ್ಯದ ಡಬ್ಬಿಯಂತೆ ಬಾಯಿ ತೆರೆಯುವ, ಬೆನ್ನ ಮೇಲೆ ಮೆಣಸಿನಕಾಳಿನಷ್ಟು ಕ್ಯಾಮರಾ ಇರುವ ಮಡಿಚುವ ಮೊಬೈಲ್ ಫೋನು. ಮೊಮ್ಮಕ್ಕಳು ಅದನ್ನು ಆಟಿಕೆಯೆಂದೇ ತಿಳಿದು ಗೊಂಬೆಗಳ ಮೆಟ್ಟಿಲ ಮೇಲೆ, ಚೆಟ್ಟಿಯಾರ್ ದಂಪತಿಗಳ ಪಕ್ಕದಲ್ಲಿ ಇಟ್ಟರು. ನಾವು ತಡೆಯಲಿಲ್ಲ. ರಾಜರಿಗೂ ಕೋಟೆಗಳಿಗೂ ಚರಿತ್ರೆ ಇದ್ದ ಹಾಗೆ ನಮ್ಮ ಜೇಬಿನಲ್ಲಿ ಓಡಾಡಿದ ವಸ್ತುಗಳಿಗೂ ಚರಿತ್ರೆಯಿದೆ. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಂತೂ ಫೋನಿನ ಕಥೆ ಎಂದರೆ ಅರ್ಧ ನಮ್ಮದೇ ಕಥೆ.

ಈ ಊರಿಗೆ ದೂರವಾಣಿ ಬಂದದ್ದು ಬಹಳ ಹಿಂದೆ. 1882ರ ಜನವರಿ 28ರಂದು ಕಲ್ಕತ್ತ, ಬೊಂಬಾಯಿ, ಮದರಾಸು ಮೂರು ನಗರಗಳಲ್ಲಿ ಟೆಲಿಫೋನ್ ವಿನಿಮಯ ಕೇಂದ್ರಗಳು ಆರಂಭವಾದುವೆಂದು ಘೋಷಿಸಲಾಯಿತು. ಆದರೆ ಅದು ವರ್ತಕರಿಗೂ ಅಧಿಕಾರಿಗಳಿಗೂ ಸೇರಿದ ವಸ್ತುವಾಗಿತ್ತು. ಜನಸಾಮಾನ್ಯರ ಮನೆಗೆ ಅದು ಕಾಲಿಡಲು ಇನ್ನೂ ಮೂರು ತಲೆಮಾರು ಬೇಕಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಮದರಾಸಿನ ಕಚೇರಿಗಳ ಮೇಜಿನ ಮೇಲೆ ಕುಳಿತಿದ್ದ, ಬೆರಳಿಟ್ಟು ತಿರುಗಿಸುವ ಕಪ್ಪು ಫೋನುಗಳಲ್ಲಿ ಎಷ್ಟೋ ಅಲ್ಲಿ ಹುಟ್ಟಿದವು. ನಮ್ಮಂತೆ ಅವೂ ಕರ್ನಾಟಕದಿಂದ ಬಂದು ಇಲ್ಲಿ ದುಡಿದವು ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಆಗ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕರೆ. ಸಾಧಾರಣ, ತುರ್ತು, ಮಿಂಚು ಎಂದು ಅದರಲ್ಲಿ ಮೂರು ವರ್ಗ. ವರ್ಗಕ್ಕೆ ತಕ್ಕ ದರ. ಊರಿನ ಅಂಗಡಿಯ ಫೋನಿಗೆ ಕರೆ ಕಾದಿರಿಸಿ, ಅಲ್ಲಿಂದ ಯಾರಾದರೂ ಓಡಿ ಹೋಗಿ ಮನೆಯವರನ್ನು ಕರೆತರುವವರೆಗೆ ಈಚೆ ಕಾಯಬೇಕು. ಮೂರು ನಿಮಿಷದಲ್ಲಿ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗುತ್ತಿದ್ದೆವು. ಆದರೂ ಮೊದಲ ನಿಮಿಷ "ಕೇಳಿಸುತ್ತಿದೆಯೇ" ಎಂಬುದಕ್ಕೇ ಹೋಗುತ್ತಿತ್ತು. ಆಮೇಲೆ, 1980ರ ದಶಕದ ಕೊನೆಯಲ್ಲಿ, ಬೀದಿಬೀದಿಗೂ ಹಳದಿ ಬಣ್ಣದ ಎಸ್.ಟಿ.ಡಿ. ಬೂತುಗಳು ಬಂದವು. ರಾತ್ರಿ ದರ ಇಳಿಯುವ ಹೊತ್ತಿಗೆ ಅವುಗಳ ಮುಂದೆ ಸಾಲು. ಗಾಜಿನ ಗೂಡಿನೊಳಗೆ ನಿಂತು, ಓಡುವ ಕೆಂಪು ಅಂಕಿಗಳ ಮೇಲೆ ಒಂದು ಕಣ್ಣಿಟ್ಟು, ತಾಯಿಯ ಆರೋಗ್ಯ ವಿಚಾರಿಸಿದ ನೆನಪು ನಮ್ಮಲ್ಲಿ ಯಾರಿಗಿಲ್ಲ?

1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತದಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖ್ ರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಅದೇ ವರ್ಷ ಮದರಾಸಿಗೂ ಆರ್.ಪಿ.ಜಿ. ಸೆಲ್ಯುಲರ್ ಮತ್ತು ಸ್ಕೈಸೆಲ್ ಎಂಬ ಎರಡು ಕಂಪನಿಗಳ ಸೇವೆ ಬಂತು. ದರ ನಿಮಿಷಕ್ಕೆ 8 ರೂಪಾಯಿ 40 ಪೈಸೆ. ದಟ್ಟಣೆಯ ಹೊತ್ತಿನಲ್ಲಿ ಅದರ ಇಮ್ಮಡಿ. ಮಾಡಿದ ಕರೆಗೆ ಮಾತ್ರವಲ್ಲ, ಬಂದ ಕರೆಗೂ ಹಣ ತೆರಬೇಕಿತ್ತು. ಆ ಕಾಲದಲ್ಲಿ ಮೊಬೈಲ್ ಇಟ್ಟವರನ್ನು ನಾವು ದೂರದಿಂದ ನೋಡಿ ಸಂತೋಷಪಟ್ಟೆವು.

ಇನ್ನು ಮಡಿಚುವ ವಿದ್ಯೆಯ ಮಾತು. ಇದು ಮೊಬೈಲಿಗಿಂತ ಹಳೆಯದು. 1960ರ ದಶಕದ ನಡುವೆಯೇ ಇಟಲಿಯಲ್ಲಿ ಮಾರ್ಕೊ ಝನುಸೊ, ರಿಚರ್ಡ್ ಸಾಪ್ಪರ್ ಎಂಬ ಇಬ್ಬರು ವಿನ್ಯಾಸಕಾರರು 'ಗ್ರಿಲ್ಲೊ' ಎಂಬ ಮಡಿಚುವ ಮನೆಫೋನನ್ನು ರೂಪಿಸಿದ್ದರು. ಗ್ರಿಲ್ಲೊ ಎಂದರೆ ಇಟಾಲಿಯನ್ ಭಾಷೆಯಲ್ಲಿ ಜೀರುಂಡೆಯಂಥ ಕೀಟ. 1989ರಲ್ಲಿ ಮೊಟೊರೋಲಾ ಕಂಪನಿಯ ಮೈಕ್ರೊಟ್ಯಾಕ್ ಬಾಯಿಯ ಭಾಗವನ್ನು ಮಾತ್ರ ಮಡಿಚಿತು. 1996ರ ಜನವರಿಯಲ್ಲಿ ಬಂದ ಅದೇ ಕಂಪನಿಯ ಸ್ಟಾರ್‌ಟ್ಯಾಕ್ ಕಪ್ಪೆಚಿಪ್ಪಿನಂತೆ ಪೂರ್ತಿ ಮುಚ್ಚಿಕೊಂಡಿತು. ತೂಕ ಸುಮಾರು 88 ಗ್ರಾಂ. ನಮ್ಮ ಮದರಾಸು ಚೆನ್ನೈ ಎಂದು ಹೆಸರು ಬದಲಿಸಿದ್ದೂ ಅದೇ 1996ರಲ್ಲಿ.

ಕ್ಯಾಮರಾ ಅದರೊಡನೆ ಸೇರಿದ ಬಗೆ ಇನ್ನೂ ಸ್ವಾರಸ್ಯವಾಗಿದೆ. 1997ರ ಜೂನ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದ ಹೆರಿಗೆ ಆಸ್ಪತ್ರೆಯೊಂದರಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞರು ಒಂದು ಡಿಜಿಟಲ್ ಕ್ಯಾಮರಾ, ಒಂದು ಲ್ಯಾಪ್‌ಟಾಪ್, ಒಂದು ಸ್ಟಾರ್‌ಟ್ಯಾಕ್ ಫೋನು, ಮೂರನ್ನೂ ತಂತಿಯಿಂದ ಜೋಡಿಸಿ, ಆಗ ತಾನೇ ಹುಟ್ಟಿದ ತಮ್ಮ ಮಗಳ ಚಿತ್ರವನ್ನು ದೂರದ ಬಂಧುಮಿತ್ರರಿಗೆ ಕಳುಹಿಸಿದರು. ಫೋನಿನ ಮೂಲಕ ಚಿತ್ರ ಹೋದುದರ ಮೊದಲ ಪ್ರಸಂಗವೆಂದು ಇದನ್ನು ಹೇಳುತ್ತಾರೆ. ಗಮನಿಸಿ: ಯುದ್ಧದ ಸುದ್ದಿಯಲ್ಲ, ವ್ಯಾಪಾರದ ಪತ್ರವಲ್ಲ, ಕೂಸಿನ ಮುಖ. ಚೆನ್ನೈಯಲ್ಲಿ ಹೆರಿಗೆಯಾಗಿ, ಶಿವಮೊಗ್ಗದಲ್ಲೋ ಕುಂದಾಪುರದಲ್ಲೋ ಇರುವ ಅಜ್ಜಿ ಮೂರು ತಿಂಗಳು ಕಾದು ಮಗುವನ್ನು ನೋಡುತ್ತಿದ್ದ ಕಾಲವನ್ನು ಬಲ್ಲವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. 2000ದ ನವೆಂಬರಿನಲ್ಲಿ ಜಪಾನಿನ ಜೆ-ಫೋನ್ ಸಂಸ್ಥೆ ಶಾರ್ಪ್ ತಯಾರಿಸಿದ ಕ್ಯಾಮರಾ ಫೋನನ್ನು ಮಾರುಕಟ್ಟೆಗೆ ತಂದಿತು. ಅದರ ಚಿತ್ರದಲ್ಲಿ ಇದ್ದದ್ದು 1 ಲಕ್ಷ 10 ಸಾವಿರ ಚುಕ್ಕೆಗಳು. 2002ರಲ್ಲಿ ಅಮೆರಿಕಕ್ಕೆ ಬಂದ ಸ್ಯಾನ್ಯೊ ಕ್ಯಾಮರಾ ಫೋನು ಮಡಿಚುವಂಥದೇ ಆಗಿತ್ತು. 2004ರಲ್ಲಿ ಮೊಟೊರೋಲಾದ ರೇಜರ್ ಬಂದಮೇಲೆ ಮಡಿಚುವ ಫೋನು ಲೋಕದ ಮೋಹವಾಯಿತು.

ನಮ್ಮ ಮನೆಗೆ ಮೊಬೈಲ್ ಬರಲು ಕಾರಣ ಮೋಹವಲ್ಲ, ಲೆಕ್ಕ. 2003ರ ಮೇ 1ರಿಂದ ಕರೆ ಮಾಡಿದವರೇ ಹಣ ಕೊಡುವ ಪದ್ಧತಿ ಬಂದು, ಬರುವ ಕರೆ ಉಚಿತವಾಯಿತು. ಅದರೊಂದಿಗೆ 'ಮಿಸ್ಡ್ ಕಾಲ್' ಎಂಬ ಹೊಸ ಭಾಷೆಯೂ ಹುಟ್ಟಿತು. ಒಂದು ಸಲ ಬಡಿದರೆ ತಲುಪಿದೆವು. ಎರಡು ಸಲ ಬಡಿದರೆ ನೀವೇ ಮಾಡಿ. ಆದರೆ ಊರಿಗೆ ಹೊರಟರೆ ತೊಡಕು. ಆಗ ಚೆನ್ನೈ ಒಂದು ದೂರಸಂಪರ್ಕ ವಲಯ, ಉಳಿದ ತಮಿಳುನಾಡು ಇನ್ನೊಂದು. ಸೆಂಟ್ರಲ್ ನಿಲ್ದಾಣದಲ್ಲಿ ಬೃಂದಾವನ ಎಕ್ಸ್‌ಪ್ರೆಸ್ ಹತ್ತಿ ಕಾಟ್ಪಾಡಿ, ಜೋಲಾರಪೇಟೆ ದಾಟಿ, ಕುಪ್ಪಂನಲ್ಲಿ ಆಂಧ್ರವನ್ನು ಹೊಕ್ಕು, ಬಂಗಾರಪೇಟೆಗೆ ಬರುವಷ್ಟರಲ್ಲಿ ಫೋನು ನಾಲ್ಕು ವಲಯ ಕಂಡಿರುತ್ತಿತ್ತು. ಪ್ರತಿ ಗಡಿಯಲ್ಲೂ ಸ್ವಾಗತದ ಸಂದೇಶ. ಪ್ರತಿ ಸ್ವಾಗತದ ಹಿಂದೆಯೂ ರೋಮಿಂಗ್ ದರ! ಹೀಗಾಗಿ ರೈಲಿನಲ್ಲಿ ಫೋನನ್ನು ಆರಿಸಿ ಇಡುವುದೇ ಜಾಣತನವಾಗಿತ್ತು.

ಮಡಿಚುವ ಕ್ಯಾಮರಾ ಫೋನು ನಮ್ಮಲ್ಲಿಗೆ ಬಂದದ್ದು 2006ರಲ್ಲಿ. ಅದೇ ವರ್ಷ ಚೆನ್ನೈ ಪಕ್ಕದ ಶ್ರೀಪೆರಂಬುದೂರಿನಲ್ಲಿ ನೋಕಿಯಾ ಕಾರ್ಖಾನೆ ಕೆಲಸ ಆರಂಭಿಸಿತ್ತು. ಸುತ್ತಲಿನ ಹಳ್ಳಿಗಳ ಸಾವಿರಾರು ಯುವತಿಯರು ಅಲ್ಲಿ ಫೋನು ಜೋಡಿಸುತ್ತಿದ್ದರು. 2014ರ ನವೆಂಬರ್ 1ರಂದು ಆ ಕಾರ್ಖಾನೆಯ ಉತ್ಪಾದನೆ ನಿಂತಿತು. ನಮ್ಮ ಫೋನು ಅಲ್ಲಿಯದಲ್ಲ. ಆದರೆ ಅದು ಬಂದ ಕಾಲದ ಉತ್ಸಾಹ ಎಂಥದೆಂದು ತಿಳಿಯಲು ಇದು ಸಾಕು.

ಮೊದಲು ಗುಣಗಳನ್ನು ಹೇಳಿಬಿಡೋಣ. ಮುಚ್ಚಿದ ಫೋನಿನ ಗುಂಡಿಗಳು ಜೇಬಿನಲ್ಲಿ ತಾವಾಗಿ ಒತ್ತಿಕೊಳ್ಳುವುದಿಲ್ಲ. ಪರದೆಗೆ ಗೀರು ಬೀಳುವುದಿಲ್ಲ. ತೆರೆದಾಗ ಒಂದು ತುದಿ ಕಿವಿಗೆ, ಇನ್ನೊಂದು ಬಾಯಿಗೆ ಸರಿಯಾಗಿ ಬರುತ್ತದೆ. ಕರೆ ಬಂದರೆ ತೆರೆ, ಮುಗಿದರೆ ಮುಚ್ಚು. ಯಾವ ಗುಂಡಿ ಎಂದು ಹುಡುಕಬೇಕಾಗಿಲ್ಲ. ಕಣ್ಣು ಮಂಜಾದ ನಮ್ಮ ಅತ್ತೆಯವರು ಎರಡೇ ದಿನದಲ್ಲಿ ಕಲಿತರು. ಒಮ್ಮೆ ಚಾರ್ಜ್ ಮಾಡಿದರೆ ಮೂರು ನಾಲ್ಕು ದಿನ ಸಾಕು. ಮಾತು ಮುಗಿದ ಮೇಲೆ ಟಪ್ಪೆಂದು ಮುಚ್ಚುವುದರಲ್ಲಿ ಒಂದು ತೃಪ್ತಿಯೂ ಇತ್ತು; ಮನೆಯಲ್ಲಿ ಯಾರಿಗೆ ಯಾರ ಮೇಲೆ ಸಿಟ್ಟು ಎಂಬುದು ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ದೋಷಗಳೂ ಇದ್ದವು. ಬಾಗಿಲಿನ ಜೀವ ತಿರುಗಣಿಯಲ್ಲಿ ಎಂಬಂತೆ, ಈ ಫೋನಿನ ಜೀವ ಅದರ ಕೀಲಿನಲ್ಲಿ. ಗುಂಡಿಗಳ ಭಾಗದಿಂದ ಪರದೆಗೆ ಹೋಗುವ ತೆಳ್ಳನೆಯ ನಾಡಿಪಟ್ಟಿಯೊಂದು ಆ ಕೀಲಿನ ಮೂಲಕ ಹಾದುಹೋಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಮಡಿಚಿ ಬಿಚ್ಚಿದರೆ ಎಂದೋ ಒಂದು ದಿನ ಅದು ಸೀಳುತ್ತದೆ. ಆಗ ಮಾತು ಕೇಳಿಸುತ್ತದೆ, ಪರದೆ ಮಾತ್ರ ಕತ್ತಲೆ. ರಿಚಿ ಸ್ಟ್ರೀಟಿನ ಅಂಗಡಿಗಳಲ್ಲಿ ಅದನ್ನು ಬದಲಿಸಿಕೊಡುವವರಿದ್ದರು. ಎರಡನೆಯ ಸಲದ ಹೊತ್ತಿಗೆ ಬಿಡಿಭಾಗ ಸಿಗುತ್ತಿರಲಿಲ್ಲ.

ಕನ್ನಡದ ತೊಡಕು ಬೇರೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿದರೆ ಕನ್ನಡಕ್ಕೆ ಸಿಕ್ಕುವುದು 70 ಮಾತ್ರ. ಅದರಲ್ಲೂ 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ, ಒತ್ತುಗಳೂ ದೀರ್ಘವೂ ಸೇರಿ, ಯಂತ್ರದ ಲೆಕ್ಕದಲ್ಲಿ ಆರು. ಫೋನಿನಲ್ಲಿ ಕನ್ನಡ ಲಿಪಿಯೇ ಇಲ್ಲದಿದ್ದರೆ ಬರೀ ಖಾಲಿ ಚೌಕಗಳು. ಒಂದು ಯುಗಾದಿಯ ಬೆಳಿಗ್ಗೆ ಊರಿನಿಂದ ಬಂದ ಶುಭಾಶಯ ನಮಗೆ ಹಾಗೆ ಮೂರು ಸಾಲು ಚೌಕವಾಗಿ ಕಂಡಿತು. ಬೇವೋ ಬೆಲ್ಲವೋ ತಿಳಿಯಲಿಲ್ಲ. ಆಮೇಲೆ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯತೊಡಗಿದರು. ಶಾಲೆಯಲ್ಲಿ ಕನ್ನಡ ಓದದ ನಮ್ಮ ಮಕ್ಕಳಿಗೆ ತಾಯಿನುಡಿಯನ್ನು ಹೀಗೆ ಪರರ ಲಿಪಿಯಲ್ಲಿ ಬರೆಯುವ ಅಭ್ಯಾಸ ಅಂಟಿದ್ದು ಅಲ್ಲಿಂದಲೇ. ಈಗಿನ ಫೋನುಗಳಲ್ಲಿ ಕನ್ನಡ ಚೆನ್ನಾಗಿಯೇ ಮೂಡುತ್ತದೆ. ಅಭ್ಯಾಸ ಮಾತ್ರ ಬಿಟ್ಟಿಲ್ಲ.

ಇನ್ನು ಚಿತ್ರದ ವಿಷಯ. ಇದನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ. 2008ರಲ್ಲಿ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮುಚ್ಚಿತು. ಉಡುಪಿ ಸೀಮೆಯ ತಿಂಡಿಯನ್ನು ಈ ನಗರಕ್ಕೆ ರೂಢಿ ಮಾಡಿಸಿದ ಕೆ. ಕೃಷ್ಣರಾಯರು 1962ರಲ್ಲಿ ತೆರೆದ ಹೋಟೆಲು. ಮರದ ನೆರಳಿನಲ್ಲಿ ಕಾರು ನಿಲ್ಲಿಸಿದರೆ ಕಿಟಕಿಗೇ ತಟ್ಟೆ ಸಿಕ್ಕಿಸಿ ದೋಸೆ ಕಾಫಿ ಕೊಡುತ್ತಿದ್ದರು. ಕಾರಿಲ್ಲದ ನಮ್ಮಂಥವರು ಒಳಗೆ ಕುಳಿತು ಗಂಟೆಗಟ್ಟಲೆ ಕನ್ನಡದಲ್ಲಿ ಹರಟುತ್ತಿದ್ದೆವು. ಎಷ್ಟು ಮದುವೆಯ ಮಾತುಕತೆ, ಎಷ್ಟು ನಾಟಕದ ಪಾತ್ರಹಂಚಿಕೆ ಅಲ್ಲಿ ನಡೆದವೋ! ಮುಚ್ಚುವ ಸುದ್ದಿ ಕೇಳಿ ನಮ್ಮ ತಂದೆಯವರನ್ನು ಕರೆದುಕೊಂಡು ಹೋದೆವು. ಅವರು ಕಾಫಿ ಲೋಟ ಎತ್ತಿ ಹಿಡಿದಾಗ ಈ ಮಡಿಚುವ ಫೋನಿನಿಂದ ಒಂದು ಚಿತ್ರ ತೆಗೆದೆವು. ಮುಂದಿನ ವರ್ಷ ಅವರು ತೀರಿಕೊಂಡರು. ಅವರ ಕೊನೆಯ ಚಿತ್ರ ಅದೇ. ಆ ಹೋಟೆಲಿನ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಉದ್ಯಾನ ತೆರೆಯಿತು.

ಆ ಚಿತ್ರ ನಮ್ಮ ಬಳಿ ಇದೆ, ಇಲ್ಲ. ಅಗ್ಗದ ಆ ಫೋನಿಗೆ ಬೇರೆ ಸ್ಮೃತಿಪಟ್ಟಿ ಹಾಕುವ ಸೌಕರ್ಯವಿರಲಿಲ್ಲ. ಚಿತ್ರ ಹೊರತೆಗೆಯಲು ಬೇರೆಯೇ ತಂತಿ ಬೇಕಿತ್ತು. "ನಾಳೆ ತಂದರಾಯಿತು" ಎಂದೆವು. ನಾಡಿಪಟ್ಟಿ ಹರಿಯಿತು. ಹಾಗಾದರೂ ಇರಲಿ ಎಂದು ಸುತ್ತಿಟ್ಟವರು ಮರೆತೆವು. ಈ ನವರಾತ್ರಿಯಲ್ಲಿ ಅದನ್ನು ಒಯ್ದು ತೋರಿಸಿದಾಗ, ಬ್ಯಾಟರಿ ಉಬ್ಬಿ ಒಳಗೆಲ್ಲ ಕಿಲುಬು ಹಿಡಿದಿದೆ, ಆಗದು ಎಂದರು. ಸಿಕ್ಕಿದ್ದರೂ ಅದು 640 ಅಡ್ಡ, 480 ಉದ್ದ, ಒಟ್ಟು 3 ಲಕ್ಷ 7 ಸಾವಿರ ಚುಕ್ಕೆಗಳ ಚಿತ್ರ. ಸ್ಪಷ್ಟವಾಗಿ ಅಚ್ಚಾಗುವುದು ಎರಡು ಅಂಗುಲದಷ್ಟು ಅಗಲಕ್ಕೆ ಮಾತ್ರ. ನಮಗೆ ಅಷ್ಟು ಸಾಕಿತ್ತು. ಅದೇ ಮನೆಯಲ್ಲಿ, ಅವರು ಹುಡುಗರಾಗಿದ್ದಾಗ ಡಬ್ಬಿ ಕ್ಯಾಮರಾದಿಂದ ತೆಗೆದ ಕಪ್ಪು ಬಿಳುಪು ಚಿತ್ರ ಗೋಡೆಯ ಮೇಲೆ ಇಂದಿಗೂ ಇದೆ. ಹಳೆಯದು ಉಳಿಯಿತು, ಹೊಸದು ಹೋಯಿತು.

ಹಾಗೆಂದು ಮಡಿಚುವ ಫೋನಿನ ಕಾಲ ಮುಗಿದಿಲ್ಲ. 2022ರಲ್ಲಿ ನೋಕಿಯಾ ಹೆಸರಿನಲ್ಲಿ ಬಂದ 2660 ಫ್ಲಿಪ್‌ನ ಕ್ಯಾಮರಾವೂ ಅದೇ 3 ಲಕ್ಷ ಚುಕ್ಕೆಯದು. ದೊಡ್ಡ ಫೋನಿನ ಗೀಳಿನಿಂದ ಬೇಸತ್ತವರು ಅಂಥದನ್ನು ಕೊಳ್ಳುವುದುಂಟು. ಮಕ್ಕಳು ವೃದ್ಧ ತಂದೆತಾಯಿಗಳಿಗೆ ಕೊಡಿಸುವುದೂ ಉಂಟು. ವೀಡಿಯೊ ಕರೆಯಲ್ಲಿ ಪೊಲೀಸರ ವೇಷ ತೊಟ್ಟು ಹೆದರಿಸುವ ವಂಚಕರಿಗೆ ಇದರಲ್ಲಿ ಮುಖ ತೋರಿಸಲು ಆಗದು ಎಂಬುದು ಲಾಭವೇ. ಆದರೆ ಮಾತಿನಿಂದಲೇ ಓ.ಟಿ.ಪಿ. ಕೇಳಿ ಹಣ ದೋಚುವವರು ಇದಕ್ಕೂ ಕರೆ ಮಾಡಬಲ್ಲರು, ಎಚ್ಚರ ಬೇಕು. ಸರಳ ಫೋನುಗಳಿಂದ ಹಣ ಪಾವತಿಸಲು 2022ರ ಮಾರ್ಚ್ 8ರಂದು ಯು.ಪಿ.ಐ. 123ಪೇ ಎಂಬ ವ್ಯವಸ್ಥೆ ಬಂತು. ಅದನ್ನು ಬಳಸುವ ಹಿರಿಯರು ನಮ್ಮ ಪರಿಚಯದಲ್ಲಿ ಕಡಿಮೆ. 2021ರ ಮೇ ತಿಂಗಳಲ್ಲಿ, 45 ದಾಟದವರು ಲಸಿಕೆಗೆ ಅಂತರಜಾಲದಲ್ಲೇ ಹೆಸರು ನೋಂದಾಯಿಸಬೇಕೆಂದಾಗ, ಬರೀ ಸರಳ ಫೋನು ಇಟ್ಟುಕೊಂಡಿದ್ದ ಅಡುಗೆಯವರೂ ಮನೆಗೆಲಸದವರೂ ಪಕ್ಕದವರ ಮಕ್ಕಳ ಮುಂದೆ ಕೈಕಟ್ಟಿ ನಿಂತದ್ದನ್ನು ನಾವು ಕಂಡಿದ್ದೇವೆ. ಸರಳತೆ ನಾವು ಆರಿಸಿಕೊಂಡದ್ದಾದರೆ ಸುಖ. ಅನ್ಯಗತಿಯಿಲ್ಲದೆ ಬಂದದ್ದಾದರೆ ಕಷ್ಟ.

ಕ್ಯಾಮರಾ ಇದ್ದ ಮಾತ್ರಕ್ಕೆ ಎಲ್ಲೆಡೆಯೂ ಒಯ್ಯುವಂತಿಲ್ಲ ಎಂಬುದನ್ನೂ ನೆನಪಿಡಬೇಕು. 2022ರ ಡಿಸೆಂಬರಿನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮಧುರೆ ಪೀಠವು ತಮಿಳುನಾಡಿನ ದೇವಾಲಯಗಳೊಳಗೆ ಮೊಬೈಲ್ ಫೋನನ್ನು ನಿಷೇಧಿಸುವಂತೆ ಆದೇಶಿಸಿತು. ಊರಿನಿಂದ ಬಂದ ಅತಿಥಿಗಳನ್ನು ದೇವಸ್ಥಾನಕ್ಕೆ ಕರೆದೊಯ್ಯುವವರು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಕೊನೆಗೆ ಸಂಘದ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಬೀರು ಅಟ್ಟಗಳಲ್ಲೂ ಇಂಥ ಫೋನುಗಳು ಮಲಗಿರಬಹುದು. ಬ್ಯಾಟರಿ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಇನ್ನೂ ಬೆಳಗುತ್ತಿದ್ದರೆ ಇಂದೇ ಚಿತ್ರಗಳನ್ನು ಹೊರತೆಗೆಯಿರಿ. ಅದೂ ಆಗದಿದ್ದರೆ, ಪರದೆಯ ಮೇಲೆ ಚಿತ್ರವನ್ನು ತೆರೆದಿಟ್ಟು ಇನ್ನೊಂದು ಫೋನಿನಿಂದ ಅದರ ಚಿತ್ರ ತೆಗೆದರೂ ಸರಿಯೇ. ಹತ್ತನ್ನಾದರೂ ಅಚ್ಚು ಹಾಕಿಸಿ, ಹಿಂದೆ ಪೆನ್ಸಿಲಿನಲ್ಲಿ ಹೆಸರು, ಊರು, ವರ್ಷ ಬರೆಯಿರಿ. ಕನ್ನಡದಲ್ಲಿ ಬರೆಯಿರಿ, ಬರೆಯಲು ಮಕ್ಕಳನ್ನು ಕೂರಿಸಿಕೊಳ್ಳಿ. ನಮ್ಮ ಫೋನು ಈ ವರ್ಷ ಗೊಂಬೆಗಳ ಜೊತೆಗೇ ಪೆಟ್ಟಿಗೆಗೆ ಹಿಂತಿರುಗಿದೆ, ಬ್ಯಾಟರಿ ತೆಗೆಸಿಕೊಂಡು. ಅದರ ಬಟ್ಟೆಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: "ಇದರೊಳಗೆ ತಾತ ಕಾಫಿ ಕುಡಿಯುತ್ತಿದ್ದಾರೆ. 2008."